ಮನೆಯಲ್ಲೇ ಕಾರಿನ ಬುಶ್ ಬದಲಿಸುವವರಿಗೆ: ಬೋಲ್ಟ್ ಬಿಗಿಯುವ ಮುನ್ನ ಇಷ್ಟು ತಿಳಿದಿರಲಿ

ಮಾನ್ಯ ಸಂಪಾದಕರೇ,

ಬಳ್ಳಾರಿ, ಸಂಡೂರು, ಕೊಪ್ಪಳ, ರಾಯಚೂರು ಕಡೆಯ ರಸ್ತೆಗಳ ಬಗ್ಗೆ ಓದುಗರ ಪತ್ರಗಳು ತಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತಿರುತ್ತವೆ. ಗುಂಡಿ ಮುಚ್ಚಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಗುಂಡಿಗಳಲ್ಲಿ ಬಿದ್ದೆದ್ದ ಕಾರಿನ ಅಡಿಯಲ್ಲಿ ಏನಾಗಿರುತ್ತದೆ, ಅದನ್ನು ಸರಿಮಾಡುವಾಗ ಎಲ್ಲಿ ತಪ್ಪುತ್ತದೆ ಎಂಬುದರ ಬಗ್ಗೆ ಬರೆಯುವವರು ಕಡಿಮೆ. ಮೊಬೈಲ್‌ನಲ್ಲಿ ವಿಡಿಯೊ ನೋಡಿಕೊಂಡು, ಸಾಮಾನು ತರಿಸಿಕೊಂಡು, ಮನೆಯ ಅಂಗಳದಲ್ಲೇ ಲಿಂಕ್ ರಾಡ್, ಲೋಯರ್ ಆರ್ಮ್ (ಚಕ್ರವನ್ನು ಚಾಸಿಗೆ ಜೋಡಿಸುವ ಕೆಳಗಿನ ತೋಳು), ಶಾಕ್ ಅಬ್ಸಾರ್ಬರ್ ಬದಲಿಸುವವರು ಈಗ ನಮ್ಮ ಊರುಗಳಲ್ಲೂ ಇದ್ದಾರೆ. ಇದು ಒಳ್ಳೆಯದೇ. ಮಜೂರಿ ಉಳಿಯುತ್ತದೆ, ತನ್ನ ಗಾಡಿ ತನಗೆ ಗೊತ್ತಾಗುತ್ತದೆ. ಆದರೆ ಈ ಕೆಲಸದಲ್ಲಿ ಒಂದು ತಪ್ಪು ಹಾಕಿದ ಹೊಸ ಸಾಮಾನನ್ನು ಕೆಲವೇ ತಿಂಗಳಲ್ಲಿ ತಿಂದುಹಾಕುತ್ತದೆ, ಇನ್ನೊಂದು ತಪ್ಪು ಜೀವಕ್ಕೇ ಎರವಾಗುತ್ತದೆ. ಗಾಡಿ ಜಾಕ್ ಮೇಲೆ ನೇತಾಡುತ್ತಿರುವಾಗಲೇ ಬುಶ್, ಅಂದರೆ ಆರ್ಮ್‌ನ ತೂತಿನಲ್ಲಿ ಕೂರುವ ರಬ್ಬರ್ ಮೆತ್ತೆಯ ಬೋಲ್ಟ್ ಬಿಗಿಯುವುದು ಮೊದಲನೆಯ ತಪ್ಪು. ಸ್ಪ್ರಿಂಗನ್ನು ಒತ್ತಿ ಹಿಡಿಯದೆ ಸ್ಟ್ರಟ್‌ನ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಭಾಗ) ನಡುವಿನ ನಟ್ ಬಿಚ್ಚುವುದು ಎರಡನೆಯದು. ಈ ಪತ್ರ ಮುಖ್ಯವಾಗಿ ಇವೆರಡರ ಸಲುವಾಗಿ.

ನಮ್ಮ ಭಾಗದಲ್ಲಿ ಸಸ್ಪೆನ್ಷನ್ ಬೇಗ ಸವೆಯಲು ಗುಂಡಿಯೊಂದೇ ಕಾರಣವಲ್ಲ. ಸಿಂಧನೂರು, ಸಿರುಗುಪ್ಪ, ಕಾರಟಗಿ ಸುತ್ತಲಿನ ಎರೆ ಭೂಮಿ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಗುಂಡಿ ಬೀಳದಿದ್ದರೂ ಉಬ್ಬುತಗ್ಗಾಗುತ್ತದೆ. ಅಂಥ ದಾರಿಯಲ್ಲಿ ಶಾಕ್ ಅಬ್ಸಾರ್ಬರ್‌ನ ಪಿಸ್ಟನ್‌ಗೆ ಬಿಡುವೇ ಇಲ್ಲ. ಎಣ್ಣೆ ಕಾಯುತ್ತದೆ, ಸೀಲ್ ಸವೆಯುತ್ತದೆ. ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿಗಳು ಓಡಾಡುವ ರಸ್ತೆಯಲ್ಲಿ ಚಕ್ರದ ಜಾಡು ಕುಸಿದಿರುತ್ತದೆ. ಕಾರಿನ ಒಂದು ಬದಿಯ ಚಕ್ರ ಜಾಡಿಗಿಳಿದು ಇನ್ನೊಂದು ಮೇಲೇ ಉಳಿದಾಗ, ಎರಡೂ ಬದಿಯನ್ನು ಜೋಡಿಸಿ ಗಾಡಿ ವಾಲದಂತೆ ತಡೆಯುವ ಸ್ಟೆಬಿಲೈಜರ್ ಬಾರ್ ತಿರುಚಿಕೊಳ್ಳುತ್ತದೆ. ಆ ಬಲವನ್ನೆಲ್ಲ ಹೊರುವುದು ಎರಡು ಸಣ್ಣ ಲಿಂಕ್ ರಾಡ್‌ಗಳು. ಕೆಂಪು ಧೂಳಿನ ಕಾಟ ಬೇರೆ. ಆರ್ಮ್ ಚಕ್ರದ ಕಡೆ ಸೇರುವ ಬಾಲ್ ಜಾಯಿಂಟ್‌ನ ರಬ್ಬರ್ ಟೊಪ್ಪಿಗೆಗೆ ಸಣ್ಣ ಸೀಳು ಬಿದ್ದರೂ ಸಾಕು, ಧೂಳು ಒಳಗಿನ ಗ್ರೀಸ್‌ಗೆ ಸೇರಿ ಗುಂಡನ್ನು ಅರೆಯತೊಡಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಹಾಗಾಗಿ ಇಷ್ಟು ಸಾವಿರ ಕಿಲೋಮೀಟರ್‌ಗೆ ಬದಲಿಸಿ ಎಂಬ ಲೆಕ್ಕ ನಮಗೆ ಹೊಂದುವುದಿಲ್ಲ. ಕಿವಿಯಿಂದ ಕೇಳಿ, ಕೈಯಿಂದ ಅಲುಗಾಡಿಸಿ ನೋಡಿಯೇ ತೀರ್ಮಾನಿಸಬೇಕು.

‘ಬುಶ್ ಹೋಗ್ಯಾವ್ರಿ, ಎಲ್ಲಾ ಚೇಂಜ್ ಮಾಡ್ಬೇಕ್ರಿ’ ಎಂಬ ಮಾತಿಗೆ ತಲೆಯಾಡಿಸುವ ಮುನ್ನ ಸದ್ದು ಎಲ್ಲಿಂದ ಬರುತ್ತಿದೆ ಎಂದು ಗುರುತಿಸುವುದು ಕಷ್ಟವೇನಲ್ಲ. ನಿಧಾನಕ್ಕೆ ಹೋಗುವಾಗ ಸಣ್ಣ ಸಣ್ಣ ಕಲ್ಲುಗಳ ಮೇಲೆ ‘ಖಟ್ ಖಟ್’ ಎಂದು ಹಗುರವಾಗಿ ಬಡಿದರೆ ಹೆಚ್ಚಿನ ಸಲ ಅದು ಲಿಂಕ್ ರಾಡ್. ಬ್ರೇಕ್ ಒತ್ತಿದಾಗ ಅಥವಾ ರಿವರ್ಸ್‌ನಿಂದ ಮುಂದಕ್ಕೆ ಹೊರಟಾಗ ಒಂದೇ ಸಲ ‘ದಡ್’ ಎಂದರೆ ಲೋಯರ್ ಆರ್ಮ್‌ನ ಹಿಂದಿನ ಬುಶ್ ನೋಡಿ. ಏಕೆಂದರೆ ಬ್ರೇಕ್ ಹಾಕಿದಾಗ ಚಕ್ರ ಹಿಂದಕ್ಕೆ ಸರಿಯದಂತೆ ತಡೆಯುವುದು ಅದೇ. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಬಾನೆಟ್ ಕೆಳಗಿನಿಂದ ‘ಟಂಯ್’ ಎಂದು ಸ್ಪ್ರಿಂಗ್ ಜಗ್ಗಿದ ಸದ್ದು ಬಂದರೆ ಸ್ಟ್ರಟ್ ಮೇಲಿನ ಬೇರಿಂಗ್ ಹಿಡಿದುಕೊಂಡಿದೆ. ಟೈರಿನ ಸುತ್ತ ಅಲ್ಲಲ್ಲಿ ಕುಳಿ ಕುಳಿಯಾಗಿ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿದೆ, ಚಕ್ರ ನೆಲ ಬಿಟ್ಟು ಪುಟಿಯುತ್ತಿದೆ. ಟೈರಿನ ಒಳಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ (ಚಕ್ರಗಳು ನಿಲ್ಲುವ ಕೋನ) ತಪ್ಪಿದೆ ಇಲ್ಲವೇ ಬುಶ್ ಸಡಿಲವಾಗಿದೆ. ಬಾನೆಟ್ ಮೂಲೆ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ಎಂದು ನೋಡುವ ಪರೀಕ್ಷೆ ಪೂರ್ತಿ ಸತ್ತ ಶಾಕ್ ಅಬ್ಸಾರ್ಬರನ್ನು ಮಾತ್ರ ತೋರಿಸುತ್ತದೆ. ಅರ್ಧ ಹೋದದ್ದು ಅದರಲ್ಲಿ ಪಾಸಾಗುತ್ತದೆ. ಶಾಕ್ ಅಬ್ಸಾರ್ಬರ್ ಮೈಮೇಲೆ ತೆಳುವಾಗಿ ಎಣ್ಣೆ ಪಸೆಯಿದ್ದರೆ ಗಾಬರಿ ಬೇಡ. ಎಣ್ಣೆ ಕೆಳಗಿನವರೆಗೆ ಹರಿದು ಧೂಳು ದಪ್ಪಗೆ ಮೆತ್ತಿಕೊಂಡಿದ್ದರೆ ಅದನ್ನು ಬದಲಿಸಬೇಕು.

ಬಾಲ್ ಜಾಯಿಂಟ್ ಪರೀಕ್ಷೆಯಲ್ಲಿ ಒಂದು ಸೂಕ್ಷ್ಮವಿದೆ. ಸ್ವಿಫ್ಟ್, ಐ20ಯಂಥ ಸಣ್ಣ ಕಾರುಗಳ ಮುಂಭಾಗದಲ್ಲಿ ಸ್ಪ್ರಿಂಗ್ ಸ್ಟ್ರಟ್ ಮೇಲೆಯೇ ಕೂತಿರುತ್ತದೆ, ಕೆಳಗಿನ ಬಾಲ್ ಜಾಯಿಂಟ್ ಗಾಡಿಯ ಭಾರ ಹೊರುವುದಿಲ್ಲ. ಆದ್ದರಿಂದ ಕಾರಿನ ಬಾಡಿಯ ಅಡಿಗೆ ಜಾಕ್ ಕೊಟ್ಟು ಚಕ್ರ ನೇತುಬಿಟ್ಟು, ಟೈರಿನಡಿ ಹಾರೆ ಕೊಟ್ಟು ಮೀಟಿದರೆ ಆಟ ಕಾಣುತ್ತದೆ. ಇನೋವಾ ಕ್ರಿಸ್ಟಾದಂತೆ ಮುಂದೆ ಮೇಲೊಂದು ಕೆಳಗೊಂದು ಆರ್ಮ್ ಇದ್ದು ಸ್ಪ್ರಿಂಗ್ ಕೆಳಗಿನ ಆರ್ಮ್ ಮೇಲೆ ಕೂತಿರುವ ಗಾಡಿಯಲ್ಲಿ ಹೀಗೆ ಮಾಡಿದರೆ ಸ್ಪ್ರಿಂಗೇ ಬಾಲ್ ಜಾಯಿಂಟನ್ನು ಎಳೆದು ಹಿಡಿಯುತ್ತದೆ, ಸವೆದದ್ದೂ ಗಟ್ಟಿಯಾಗಿಯೇ ಕಾಣುತ್ತದೆ. ಅಲ್ಲಿ ಜಾಕನ್ನು ಕೆಳಗಿನ ಆರ್ಮ್‌ಗೇ, ಬಾಲ್ ಜಾಯಿಂಟ್ ಸಮೀಪ ಕೊಟ್ಟು ಎತ್ತಿ ನೋಡಬೇಕು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಟವಿದ್ದರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್. ಎಡಕ್ಕೆ ಬಲಕ್ಕೆ ಹಿಡಿದು ಅಲುಗಿಸಿದಾಗ ಮಾತ್ರ ಆಟವಿದ್ದರೆ ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್.

ಇನ್ನು ಕೆಲಸದ ಜಾಗ. ಗಾಡಿಯ ಜೊತೆ ಕೊಟ್ಟ ಕತ್ತರಿ ಜಾಕ್ ಟೈರ್ ಬದಲಿಸುವುದಕ್ಕೆ ಮಾತ್ರ. ಅದರ ಮೇಲೆ ಗಾಡಿ ನಿಲ್ಲಿಸಿ ಅಡಿಗೆ ಕೈ ಹಾಕಬಾರದು. ಒಂದು ಹೈಡ್ರಾಲಿಕ್ ಜಾಕ್, ಎರಡು ಟನ್ನೋ ಮೂರು ಟನ್ನೋ ತಡೆಯುವ ಒಂದು ಜೊತೆ ಸ್ಟ್ಯಾಂಡ್, ಹಿಂದಿನ ಚಕ್ರಕ್ಕೆ ಎರಡೂ ಕಡೆ ಅಡ್ಡಗಟ್ಟೆ, ಇಷ್ಟು ಇಲ್ಲದೆ ಆರಂಭಿಸಲೇಬೇಡಿ. ನಮ್ಮ ಕಡೆ ಅಂಗಳಕ್ಕೆ ಶಹಾಬಾದಿ ಫರ್ಸಿ ಕಲ್ಲು ಹಾಸಿರುವುದು ಹೆಚ್ಚು. ಅಡಿಯಲ್ಲಿ ಪೊಳ್ಳು ಇದ್ದರೆ ಜಾಕ್‌ನ ಭಾರ ಒಂದೇ ಕಡೆ ಬಿದ್ದು ಫರ್ಸಿ ಸೀಳುತ್ತದೆ. ಎರೆ ಮಣ್ಣಿನ ಮೇಲೆ ಸ್ಟ್ಯಾಂಡ್‌ನ ಕಾಲು ಹೂತು ಓರೆಯಾಗುತ್ತದೆ. ಮೇ ತಿಂಗಳ ಮಧ್ಯಾಹ್ನ ಡಾಂಬರು ಕೂಡ ಮೆತ್ತಗಾಗುತ್ತದೆ. ಮೂರೂ ಕಡೆ ಪರಿಹಾರ ಒಂದೇ: ಒಂದೂವರೆ ಇಂಚಾದರೂ ದಪ್ಪದ ಗಟ್ಟಿ ಮರದ ಹಲಗೆ ಅಥವಾ ಅಗಲವಾದ ಕಬ್ಬಿಣದ ತಗಡು ಅಡಿಗೆ ಹಾಕಿ. ಇಟ್ಟಿಗೆ, ಸಿಮೆಂಟಿನ ಪೊಳ್ಳು ಬ್ಲಾಕ್ ಎಂದೂ ಬೇಡ. ಅವು ಬಾಗುವುದಿಲ್ಲ, ಮುನ್ಸೂಚನೆ ಕೊಡದೆ ಒಂದೇ ಸಲ ಪುಡಿಯಾಗುತ್ತವೆ. ಸ್ಟ್ಯಾಂಡ್ ಇಟ್ಟ ಮೇಲೆ, ಅಡಿಗೆ ಹೋಗುವ ಮುಂಚೆ ಗಾಡಿಯನ್ನು ಕೈಯಿಂದ ಜೋರಾಗಿ ನೂಕಿ ನೋಡಿ. ಬೀಳುವುದಿದ್ದರೆ ಆಗಲೇ ಬೀಳಲಿ. ಬಿಚ್ಚಿದ ಚಕ್ರವನ್ನು ಬಾಗಿಲ ಕೆಳಗೆ ಬಾಡಿಯಡಿ ಮಲಗಿಸಿಡುವುದು ಹಳೆಯ ಮಿಸ್ತ್ರಿಗಳ ಅಭ್ಯಾಸ, ಬಹಳ ಒಳ್ಳೆಯದು.

ಸಾಮಾನು ಕೊಳ್ಳುವಾಗ ಮಾಡೆಲ್ ಹೆಸರು, ಇಸವಿ ಹೇಳಿದರೆ ಸಾಲದು. ಒಂದೇ ಕಾರಿನಲ್ಲಿ ಪೆಟ್ರೋಲ್, ಡೀಸೆಲ್‌ಗೆ ಸ್ಪ್ರಿಂಗ್, ಸ್ಟ್ರಟ್ ಬೇರೆಯಿರಬಹುದು. ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ. ಲೋಯರ್ ಆರ್ಮ್‌ನಲ್ಲಿ ಎಡ ಬಲ ಬೇರೆ ಬೇರೆ. ವಾರಂಟಿಯಲ್ಲಿರುವ ಗಾಡಿಗೆ ಮನೆಯಲ್ಲಿ ಕೈ ಹಾಕದಿರುವುದೇ ಲೇಸು.

ಲಿಂಕ್ ರಾಡ್‌ನಿಂದ ಆರಂಭಿಸಿದರೆ ಕೈಗೆ ಧೈರ್ಯ ಬರುತ್ತದೆ. ಹಿಂದಿನ ರಾತ್ರಿಯೇ ನಟ್‌ಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಇಲ್ಲಿ ಜನ ತಪ್ಪುವುದು ಒಂದೇ ಬದಿ ಎತ್ತುವುದರಲ್ಲಿ. ಒಂದು ಚಕ್ರ ನೆಲದ ಮೇಲೆ, ಇನ್ನೊಂದು ಗಾಳಿಯಲ್ಲಿ ಇದ್ದರೆ ಸ್ಟೆಬಿಲೈಜರ್ ಬಾರ್ ತಿರುಚಿಕೊಂಡೇ ಇರುತ್ತದೆ. ಆಗ ಹಳೆಯ ಲಿಂಕ್ ಹೊರಬರುವುದಿಲ್ಲ, ಹೊಸದರ ತೂತು ಹೊಂದುವುದಿಲ್ಲ. ಮುಂದಿನ ಎರಡೂ ಚಕ್ರಗಳನ್ನು ಒಂದೇ ಎತ್ತರಕ್ಕೆ ಎತ್ತಿದರೆ ಲಿಂಕ್ ಕೈಯಲ್ಲೇ ಬರುತ್ತದೆ. ನಟ್ ತಿರುಗಿಸಿದಾಗ ಒಳಗಿನ ಗುಂಡೂ ತಿರುಗುತ್ತಿದ್ದರೆ ಬೋಲ್ಟಿನ ತುದಿಯಲ್ಲಿರುವ ಆರುಮೂಲೆಯ ತೂತಿಗೆ ಅಲೆನ್ ಕೀ ಹಾಕಿ ಹಿಡಿದು, ರಿಂಗ್ ಪಾನಾದಿಂದ ನಟ್ ಬಿಚ್ಚಿ. ತೂತು ಸವೆದುಹೋಗಿದ್ದರೆ ಹೋರಾಡುತ್ತ ಕೂರಬೇಡಿ. ಹೇಗೂ ಎಸೆಯುವ ಸಾಮಾನು, ಹ್ಯಾಕ್ಸಾ ಬ್ಲೇಡಿನಿಂದ ಕತ್ತರಿಸಿ ತೆಗೆಯಿರಿ. ಬ್ರೇಕ್ ಹೋಸ್ ಪಕ್ಕದಲ್ಲೇ ಇರುತ್ತದೆ, ಅದಕ್ಕೆ ಮೊದಲು ದಪ್ಪ ಬಟ್ಟೆ ಸುತ್ತಿ. ಬೆಂಕಿಯ ಗ್ಯಾಸ್ ಕಟ್ಟರ್ ಬೇಡವೇ ಬೇಡ, ಅಕ್ಕಪಕ್ಕದ ರಬ್ಬರ್ ಎಲ್ಲ ಸುಡುತ್ತದೆ, ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರ್ ಕಾದರೆ ಸಿಡಿಯಬಹುದು.

ಲೋಯರ್ ಆರ್ಮ್ ಕೆಲಸ ಇದಕ್ಕಿಂತ ದೊಡ್ಡದು. ಚಕ್ರ ಬಿಚ್ಚುವ ಮೊದಲು, ಗಾಡಿ ಸಮನೆಲದ ಮೇಲೆ ನಾಲ್ಕೂ ಚಕ್ರದ ಮೇಲೆ ನಿಂತಿರುವಾಗ, ಚಕ್ರದ ನಟ್ಟನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಟೇಪಿನಿಂದ ಅಳೆದು ಬರೆದಿಟ್ಟುಕೊಳ್ಳಿ. ಉದಾಹರಣೆಗೆ 37 ಸೆಂಟಿಮೀಟರ್ ಬಂತು ಎಂದುಕೊಳ್ಳೋಣ. ಎರಡು ನಿಮಿಷದ ಈ ಕೆಲಸವೇ ಕೊನೆಗೆ ಹೊಸ ಬುಶ್ ಉಳಿಸುವುದು.

ಆಮೇಲೆ ಗಾಡಿ ಎತ್ತಿ, ಚಕ್ರ ತೆಗೆದು, ಬಾಲ್ ಜಾಯಿಂಟ್ ಬಿಡಿಸಬೇಕು. ಬಹಳಷ್ಟು ಸಣ್ಣ ಕಾರುಗಳಲ್ಲಿ ಅದರ ಕಡ್ಡಿ ಚಕ್ರದ ಹಬ್ ಹೊತ್ತಿರುವ ನಕಲ್ ಒಳಗೆ ಕೂತಿದ್ದು ಅಡ್ಡಲಾಗಿ ಒಂದು ಬೋಲ್ಟ್ ಹಿಡಿದಿರುತ್ತದೆ. ಕಡ್ಡಿಯಲ್ಲಿ ಒಂದು ಕೊರೆದ ಹಳ್ಳವಿದ್ದು ಬೋಲ್ಟ್ ಅದರಲ್ಲೇ ಹಾದುಹೋಗುತ್ತದೆ. ಹಾಗಾಗಿ ಬೋಲ್ಟನ್ನು ಸಡಿಲಿಸಿದರೆ ಸಾಲದು, ಪೂರ್ತಿ ಹೊರಗೆ ತೆಗೆಯಬೇಕು. ತೆಗೆಯದೆ ಸುತ್ತಿಗೆಯಲ್ಲಿ ಬಡಿಯುತ್ತ ಕೂತವರು ನಕಲ್ಲನ್ನೇ ಕೆಡಿಸಿದ್ದುಂಟು. ನಕಲ್‌ನ ಸೀಳಿಗೆ ದಪ್ಪ ಸ್ಕ್ರೂಡ್ರೈವರ್ ಅಥವಾ ಚಾಣ ಹಾಕಿ ತುಸು ಅಗಲಿಸಿ, ಆರ್ಮ್‌ಗೆ ಉದ್ದನೆಯ ಹಾರೆ ಕೊಟ್ಟು ಕೆಳಕ್ಕೆ ಒತ್ತಿದರೆ ಕಡ್ಡಿ ಇಳಿಯುತ್ತದೆ. ಹೀಗೆ ಮಾಡುವಾಗ ನಕಲ್ ಹೊರಕ್ಕೆ ವಾಲದಂತೆ ಹಗ್ಗ ಅಥವಾ ತಂತಿಯಿಂದ ಕಟ್ಟಿಡಿ. ಹೊರಕ್ಕೆ ಬಹಳ ಎಳೆದರೆ, ಇಂಜಿನ್ ಬಲವನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟ್‌ನ ಒಳಗಿನ ಜಾಯಿಂಟ್ ಕಳಚಿಕೊಳ್ಳುತ್ತದೆ, ಒಂದು ಕೆಲಸಕ್ಕೆ ಹೋಗಿ ಎರಡಾಗುತ್ತದೆ. ಕಡ್ಡಿ ಮೊನೆಯಾಗಿದ್ದು ಕೆಳಗೆ ನಟ್ ಇರುವ ಬಗೆಯಲ್ಲಿ ಬಾಲ್ ಜಾಯಿಂಟ್ ಪುಲ್ಲರ್ ಬಳಸಿ. ಎರಡು ಕವಲಿನ ಚಾಣ ಬಡಿದರೆ ಬೇಗ ಬಿಡುತ್ತದೆ ನಿಜ, ಆದರೆ ರಬ್ಬರ್ ಟೊಪ್ಪಿಗೆ ಹರಿಯುತ್ತದೆ. ಆ ಬಾಲ್ ಜಾಯಿಂಟನ್ನು ಮತ್ತೆ ಹಾಕುವಂತಿಲ್ಲ.

ಆರ್ಮ್‌ನ ಬುಶ್ ಮಾತ್ರ ಹೋಗಿದ್ದರೆ ಬುಶ್ ಒಂದನ್ನೇ ತಂದು ಹಾಕಬಹುದು, ಖರ್ಚು ಕಡಿಮೆ. ಆದರೆ ಅದಕ್ಕೆ ಹೈಡ್ರಾಲಿಕ್ ಪ್ರೆಸ್ ಬೇಕು. ಮನೆಯಲ್ಲಿ ಸುತ್ತಿಗೆಯಿಂದ ಬಡಿದು ಕೂರಿಸಿದರೆ ಬುಶ್‌ನ ಹೊರಗಿನ ಕಬ್ಬಿಣದ ಕವಚ ಸೊಟ್ಟಗಾಗುತ್ತದೆ, ಆರ್ಮ್‌ನ ತೂತು ಕೋಳಿಮೊಟ್ಟೆ ಆಕಾರಕ್ಕೆ ತಿರುಗಿ ಬುಶ್ ಒಳಗೇ ಜಾರತೊಡಗುತ್ತದೆ. ಆರ್ಮ್ ಬಿಚ್ಚಿಕೊಂಡು ಲೇತ್ ಅಂಗಡಿಗೆ ಒಯ್ದು ಒತ್ತಿಸಿಕೊಂಡು ಬನ್ನಿ. ಒತ್ತುವ ಬಲ ಹೊರಕವಚಕ್ಕೆ ಬೀಳಬೇಕು, ನಡುವಿನ ಕೊಳವೆಗೆ ಬೀಳಬಾರದು. ರಬ್ಬರ್ ನಡುವೆ ಖಾಲಿ ಜಾಗ ಬಿಟ್ಟಿರುವ ಬುಶ್ ಆದರೆ ಹಳೆಯದು ಯಾವ ದಿಕ್ಕಿಗಿತ್ತು ಎಂದು ಮೊದಲೇ ಗುರುತು ಹಾಕಿಕೊಳ್ಳಿ. ಆ ಖಾಲಿ ಜಾಗ ಅಡ್ಡ ಕೂತರೆ ಬ್ರೇಕ್ ಹಾಕಿದಾಗ ಗಾಡಿ ಎಳೆಯುತ್ತದೆ. ಜಾರಲೆಂದು ಡೀಸೆಲ್, ಇಂಜಿನ್ ಆಯಿಲ್, ಮಾಮೂಲಿ ಗ್ರೀಸ್ ಹಚ್ಚುವ ರೂಢಿಯಿದೆ, ದಯವಿಟ್ಟು ಬಿಡಿ. ಪೆಟ್ರೋಲಿಯಂ ಎಣ್ಣೆಗೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಸೋಪಿನ ನೀರು ಸಾಕು. ಬಾಲ್ ಜಾಯಿಂಟೂ ಸವೆದಿದ್ದರೆ ಪೂರ್ತಿ ಆರ್ಮ್ ಬದಲಿಸುವುದೇ ಲೆಕ್ಕಕ್ಕೆ ಬರುತ್ತದೆ.

ಈಗ ಈ ಪತ್ರದ ಮುಖ್ಯ ಮಾತು. ರಬ್ಬರ್ ಬುಶ್ ಬೇರಿಂಗ್‌ನಂತೆ ತಿರುಗುವ ವಸ್ತುವೆಂದು ಅನೇಕರು ಎಣಿಸಿದ್ದಾರೆ. ಅದು ಹಾಗಲ್ಲ. ಹೊರಗಿನ ಕವಚ ಆರ್ಮ್‌ಗೆ ಕಚ್ಚಿಕೊಂಡಿರುತ್ತದೆ. ಬೋಲ್ಟ್ ಬಿಗಿದೊಡನೆ ನಡುವಿನ ಕೊಳವೆ ಚಾಸಿಗೆ ಕಚ್ಚಿಕೊಳ್ಳುತ್ತದೆ. ಎರಡರ ನಡುವೆ ಅಂಟಿಕೊಂಡ ರಬ್ಬರ್ ಮಾತ್ರ ತಿರುಚಿಕೊಂಡು ಆರ್ಮ್‌ಗೆ ಮೇಲೆ ಕೆಳಗೆ ಆಡಲು ಅವಕಾಶ ಕೊಡುತ್ತದೆ. ಬೋಲ್ಟ್ ಬಿಗಿದಾಗ ಆರ್ಮ್ ಯಾವ ಕೋನದಲ್ಲಿತ್ತೋ ಅದೇ ರಬ್ಬರಿಗೆ ವಿಶ್ರಾಂತಿಯ ಸ್ಥಾನ. ಗಾಡಿ ಜಾಕ್ ಮೇಲಿದ್ದು ಚಕ್ರ ಕೆಳಕ್ಕೆ ನೇತಾಡುವಾಗ ಬಿಗಿದರೆ, ಗಾಡಿ ನೆಲಕ್ಕಿಳಿದ ಕೂಡಲೇ ಆರ್ಮ್ ಮೇಲೇರಿ ರಬ್ಬರ್ ತಿರುಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಬಿಡುವಿಲ್ಲ. ಒದ್ದೆ ಬಟ್ಟೆ ಹಿಂಡಿ ಹಿಡಿದಂತೆ ರಾತ್ರಿ ಮನೆ ಮುಂದೆ ನಿಂತಾಗಲೂ ಅದೇ ಸ್ಥಿತಿ. ಅದರ ಮೇಲೆ ಗುಂಡಿಗೆ ಬಿದ್ದೇಟಿಗೆ ಇನ್ನಷ್ಟು ತಿರುಚಿ ಅಂಟು ಬಿಡುತ್ತದೆ, ಸೀಳುತ್ತದೆ. ‘ಒರಿಜಿನಲ್ ಹಾಕಿಸಿದರೂ ತಾಳಲಿಲ್ಲ’ ಎಂಬ ದೂರುಗಳಲ್ಲಿ ಎಷ್ಟೋ ಸಲ ಸಾಮಾನಿನ ತಪ್ಪಿರುವುದಿಲ್ಲ. ಬಿಗಿದ ಹೊತ್ತು ತಪ್ಪು.

ಸರಿಯಾದ ಕ್ರಮ ಹೀಗೆ: ಬುಶ್ ಬೋಲ್ಟ್‌ಗಳನ್ನು ಕೈಯಿಂದಲೇ ಎಳೆ ಹಿಡಿಸಿ ಒಳಗೆ ಬಿಡಿ. ಬಹಳ ಗಾಡಿಗಳಲ್ಲಿ ನಟ್ ಚಾಸಿಯ ಒಳಗೇ ಬೆಸೆದಿರುತ್ತದೆ. ನಟ್ ಬಿಗಿಯುವ ಗನ್ ಹಿಡಿದು ಎಳೆ ಕೆಡಿಸಿದರೆ ಚಾಸಿಯನ್ನೇ ಕತ್ತರಿಸಬೇಕಾದೀತು. ಬೋಲ್ಟ್ ಆಡದಷ್ಟು ಬಂದ ಮೇಲೆ ನಿಲ್ಲಿಸಿ. ಬಾಲ್ ಜಾಯಿಂಟ್ ಬೋಲ್ಟನ್ನು ಪೂರ್ತಿ ಬಿಗಿಯಿರಿ, ಅದಕ್ಕೂ ರಬ್ಬರಿನ ತಿರುಚಿಗೂ ಸಂಬಂಧವಿಲ್ಲ. ಆನಂತರ ಬಾಡಿ ಸ್ಟ್ಯಾಂಡ್ ಮೇಲೆಯೇ ಇರಲಿ, ಇನ್ನೊಂದು ಜಾಕನ್ನು ಬಾಲ್ ಜಾಯಿಂಟ್ ಅಡಿಗೆ ಕೊಟ್ಟು ನಿಧಾನವಾಗಿ ಎತ್ತಿ. ಹಬ್‌ನ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಮೊದಲು ಅಳೆದ ಅದೇ 37 ಸೆಂಟಿಮೀಟರ್ ಬಂದಾಗ ನಿಲ್ಲಿಸಿ ಬುಶ್ ಬೋಲ್ಟ್ ಬಿಗಿಯಿರಿ. ಅಷ್ಟು ಬರುವ ಮೊದಲೇ ಬಾಡಿ ಸ್ಟ್ಯಾಂಡಿನಿಂದ ಮೇಲೇಳುವ ಲಕ್ಷಣ ಕಂಡರೆ ಮುಂದುವರಿಯಬೇಡಿ. ಆಗ ಚಕ್ರ ಹಾಕಿ, ಗಾಡಿ ಇಳಿಸಿ, ಮುಂದೆ ಹಿಂದೆ ನಾಲ್ಕು ಮಾರು ಓಡಿಸಿ ಕೂತುಕೊಳ್ಳಲು ಬಿಟ್ಟು, ಮುಂದಿನ ಚಕ್ರಗಳನ್ನು ಅಗಲವಾದ ದಪ್ಪ ಹಲಗೆಗಳ ಮೇಲೆ ಹತ್ತಿಸಿಕೊಂಡು ಪಕ್ಕದಿಂದ ಕೈ ಹಾಕಿ ಬಿಗಿಯಿರಿ. ಗ್ಯಾರೇಜಿನಲ್ಲಿ ಗಾಡಿಯಡಿ ಇಳಿದು ಕೆಲಸ ಮಾಡುವ ಗುಂಡಿ ಇದ್ದರೆ ಇನ್ನೂ ಸುಲಭ. ಅಡ್ಡ ಬೋಲ್ಟ್ ಇರುವ ಮುಂದಿನ ಬುಶ್‌ಗೆ ಈ ನಿಯಮ ಅತಿ ಮುಖ್ಯ. ಹಿಂದಿನ ಶಾಕ್ ಅಬ್ಸಾರ್ಬರ್‌ನ ರಬ್ಬರ್ ಕಣ್ಣಿಗೂ, ಹಿಂದಿನ ಆಕ್ಸಲ್ ಬುಶ್‌ಗೂ ಇದೇ ಮಾತು.

ಬಿಗಿ ಎಷ್ಟು ಎಂಬುದಕ್ಕೆ ಆಯಾ ಗಾಡಿಯ ಸರ್ವಿಸ್ ಮ್ಯಾನುಯಲ್ ನೋಡಬೇಕು, ಊಹೆ ಬೇಡ. ಬಿಗಿಯ ಅಳತೆ ತೋರಿಸುವ ಟಾರ್ಕ್ ರೆಂಚ್ ಬಾಡಿಗೆಗೋ ಎರವಲಿಗೋ ಸಿಕ್ಕರೂ ತನ್ನಿ. ಅಂದಾಜಿಗೆ ಹೇಳುವುದಾದರೆ 100 ನ್ಯೂಟನ್ ಮೀಟರ್ ಎಂದರೆ ಅರ್ಧ ಮೀಟರ್ ಉದ್ದದ ಹಿಡಿಕೆಯ ತುದಿಯಲ್ಲಿ ಸುಮಾರು 20 ಕಿಲೋ ಭಾರ. ಸಣ್ಣ ಕಾರುಗಳ ವೀಲ್ ನಟ್‌ಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಸಾಕು. ಪಾನಾಕ್ಕೆ ಪೈಪ್ ತೂರಿಸಿ ಮೇಲೆ ನಿಂತು ಒದೆಯುವುದರಿಂದ ಬೋಲ್ಟ್ ಹಿಗ್ಗುತ್ತದೆ, ಹಿಗ್ಗಿದ ಬೋಲ್ಟ್ ಆಮೇಲೆ ಸಡಿಲವಾಗುತ್ತದೆ ಇಲ್ಲವೇ ತುಂಡಾಗುತ್ತದೆ. ಟೈ ರಾಡ್ ಎಂಡ್ ಬದಲಿಸುವಾಗ ಕಿರೀಟದ ನಟ್ ತೂತಿಗೆ ಸ್ಪ್ಲಿಟ್ ಪಿನ್ ಹೊಂದದಿದ್ದರೆ ನಟ್ಟನ್ನು ಮುಂದಿನ ತೂತಿಗೆ ಬಿಗಿಯಬೇಕೇ ಹೊರತು ಹಿಂದಕ್ಕೆ ಸಡಿಲಿಸಬಾರದು. ಪಿನ್ ಹೊಸದೇ ಆಗಬೇಕು. ಹಳೆಯ ಎಂಡ್ ಎಷ್ಟು ಸುತ್ತು ತಿರುಗಿಸಿದಾಗ ಬಿಚ್ಚಿಕೊಂಡಿತೋ ಅಷ್ಟೇ ಸುತ್ತು ಹೊಸದನ್ನು ಹತ್ತಿಸಿದರೆ ಅಲೈನ್‌ಮೆಂಟ್ ಅಂಗಡಿ ಮುಟ್ಟುವವರೆಗೆ ಗಾಡಿ ನೆಟ್ಟಗೆ ಹೋಗುತ್ತದೆ.

ಎರಡನೆಯ ವಿಷಯ ಸ್ಟ್ರಟ್. ಇದರಲ್ಲಿ ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್ ಒಟ್ಟಿಗೆ ಇರುತ್ತವೆ. ಗಾಡಿ ಎತ್ತಿದಾಗಲೂ ಸ್ಪ್ರಿಂಗ್ ಪೂರ್ತಿ ಬಿಚ್ಚಿಕೊಂಡಿರುವುದಿಲ್ಲ, ನೂರಾರು ಕಿಲೋ ಬಲದಲ್ಲಿ ಒತ್ತಿ ಕೂತಿರುತ್ತದೆ. ಅದನ್ನು ಹಿಡಿದಿಟ್ಟಿರುವುದು ತಲೆಯ ಮೇಲಿನ ನಡು ನಟ್ ಒಂದೇ. ಬಾನೆಟ್ ತೆರೆದಾಗ ಕಾಣುವ ಸುತ್ತಲಿನ ಎರಡು ಮೂರು ನಟ್‌ಗಳು ಸ್ಟ್ರಟ್ಟನ್ನು ಕಾರಿನ ಬಾಡಿಗೆ ಹಿಡಿಸುವಂಥವು, ಬಿಚ್ಚಬಹುದು. ನಡುವಿನದನ್ನು ಸ್ಪ್ರಿಂಗ್ ಒತ್ತಿ ಹಿಡಿಯದೆ ಮುಟ್ಟಿದರೆ ಮೇಲಿನ ತಟ್ಟೆ ಮುಖಕ್ಕೇ ಚಿಮ್ಮುತ್ತದೆ. ಅಗ್ಗದ ಎರಡು ಕೊಕ್ಕೆಯ ಕಂಪ್ರೆಸರ್ ಮನೆಯಲ್ಲಿ ಬಳಸುವುದನ್ನು ನಾನು ಒಪ್ಪುವುದಿಲ್ಲ. ಎರಡೂ ಕಡೆ ಸಮನಾಗಿ ತಿರುಗಿಸದಿದ್ದರೆ ಸ್ಪ್ರಿಂಗ್ ಬಾಳೆಕಾಯಿಯಾಗಿ ಬಾಗಿ ಕೊಕ್ಕೆ ಜಾರುತ್ತದೆ. ಅದಕ್ಕಿಂತ ಸುಲಭದ ದಾರಿಯೊಂದಿದೆ. ಇಡೀ ಸ್ಟ್ರಟ್ಟನ್ನು ಮನೆಯಲ್ಲಿ ಬಿಚ್ಚಿ, ಗೋಡೆಗೆ ಹಿಡಿಸಿದ ಕಂಪ್ರೆಸರ್ ಇರುವ ಗ್ಯಾರೇಜಿಗೆ ಹಳೆಯದು, ಹೊಸದು ಎರಡನ್ನೂ ಹೊತ್ತುಕೊಂಡು ಹೋಗಿ ಸ್ಪ್ರಿಂಗನ್ನು ಹೊಸದಕ್ಕೆ ಕೂರಿಸಿಕೊಂಡು ಬನ್ನಿ. ಮಜೂರಿ ಸ್ವಲ್ಪವೇ ಆಗುತ್ತದೆ, ಅಪಾಯ ಮನೆಯ ಹತ್ತಿರವೂ ಸುಳಿಯುವುದಿಲ್ಲ.

ಸ್ಟ್ರಟ್ ಬಿಚ್ಚುವುದು ಕಷ್ಟವಲ್ಲ. ನಕಲ್‌ಗೆ ಹಿಡಿದ ಎರಡು ಬೋಲ್ಟ್‌ಗಳ ಸುತ್ತ ಮೊದಲು ಬಣ್ಣದಿಂದ ಗುರುತು ಎಳೆಯಿರಿ. ಅಲ್ಲಿ ಕೂದಲೆಳೆ ಸರಿದರೂ ಚಕ್ರದ ವಾಲು ಬದಲಾಗುತ್ತದೆ. ಬ್ರೇಕ್ ಹೋಸ್‌ನ ಕ್ಲಿಪ್, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ವೈರಿನ ಕ್ಲಿಪ್ ಎರಡನ್ನೂ ಸ್ಟ್ರಟ್‌ನಿಂದ ಬಿಡಿಸಿ. 2019ರ ಏಪ್ರಿಲ್ ನಂತರದ ಕಾರುಗಳಲ್ಲಿ ಎಬಿಎಸ್ ಕಡ್ಡಾಯ, ಆದ್ದರಿಂದ ವೈರ್ ಇದ್ದೇ ಇರುತ್ತದೆ. ನಕಲ್ಲನ್ನು ಹೋಸ್‌ಗೆ ನೇತುಬಿಡಬೇಡಿ. ಹೊಸ ಶಾಕ್ ಅಬ್ಸಾರ್ಬರ್ ಅಂಗಡಿಯಲ್ಲಿ ಮಲಗಿಸಿಟ್ಟಿರುವುದರಿಂದ ಒಳಗಿನ ಎಣ್ಣೆಯಲ್ಲಿ ಗಾಳಿ ಸೇರಿರುತ್ತದೆ. ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಒತ್ತಿ ಪೂರ್ತಿ ಎಳೆದ ಮೇಲೆ ಹಾಕಿ. ಹೊಳೆಯುವ ರಾಡನ್ನು ಪ್ಲೈಯರಿನಿಂದ ಹಿಡಿದರೆ ಬೀಳುವ ಸಣ್ಣ ಗೀರೇ ಸೀಲ್ ಕತ್ತರಿಸಿ ಎಣ್ಣೆ ಸೋರಿಸುತ್ತದೆ. ಸ್ಪ್ರಿಂಗಿನ ತುದಿ ಕೆಳತಟ್ಟೆಯ ಮೆಟ್ಟಿಲಿಗೆ ತಾಗಿ ಕೂತಿದೆಯೇ ಎಂದು ಕಣ್ಣಾರೆ ನೋಡಿ. ಮೇಲಿನ ಮೌಂಟಿಂಗ್, ಬೇರಿಂಗ್, ಬಂಪ್ ಸ್ಟಾಪ್, ಧೂಳು ತಡೆಯುವ ಬೂಟ್ ಇವನ್ನು ಇದೇ ಸಲ ಹೊಸದು ಹಾಕಿ. ಅದಿರಿನ ಧೂಳಿನ ಊರಿನಲ್ಲಿ ಹರಿದ ಬೂಟ್ ಉಳಿಸಿಕೊಂಡರೆ ಹೊಸ ರಾಡಿಗೆ ಆಯುಸ್ಸಿಲ್ಲ. ಎಡ ಬಲ ಎರಡೂ ಒಟ್ಟಿಗೇ ಬದಲಿಸಬೇಕು. ಒಂದು ಹೊಸದು ಒಂದು ಹಳೆಯದು ಇದ್ದರೆ ಬ್ರೇಕ್ ಹಾಕಿದಾಗ ಗಾಡಿ ಸಮನಾಗಿ ನಿಲ್ಲುವುದಿಲ್ಲ.

ಹಿಂಭಾಗ ಸುಲಭ, ಒಂದು ಎಚ್ಚರವಿದ್ದರೆ. ಸಣ್ಣ ಕಾರುಗಳ ಹಿಂದಿನ ಆಕ್ಸಲ್ ಕೆಳಕ್ಕೆ ಬೀಳದಂತೆ ತಡೆದಿರುವುದು ಶಾಕ್ ಅಬ್ಸಾರ್ಬರೇ. ಆಕ್ಸಲ್ ಅಡಿಗೆ ಜಾಕ್ ಕೊಡದೆ ಬೋಲ್ಟ್ ತೆಗೆದರೆ ಆಕ್ಸಲ್ ಕುಸಿದು ಬ್ರೇಕ್ ಹೋಸ್ ಜಗ್ಗುತ್ತದೆ, ಸ್ಪ್ರಿಂಗ್ ಹೊರಗೆ ಉರುಳುತ್ತದೆ. ಒಂದು ಬದಿ ಮುಗಿಸಿಯೇ ಇನ್ನೊಂದು ಬದಿಗೆ ಹೋಗಿ.

ಬೇಡದ ಖರ್ಚುಗಳ ಬಗ್ಗೆಯೂ ಹೇಳಬೇಕು. ಸ್ಪ್ರಿಂಗ್ ಸುತ್ತುಗಳ ನಡುವೆ ತುರುಕುವ ರಬ್ಬರ್ ಬಫರ್ ನಮ್ಮ ಕಡೆ ಬಹಳ ಮಾರಾಟವಾಗುತ್ತದೆ. ಗಾಡಿ ಎತ್ತರ ಕಾಣುತ್ತದೆ, ಹಂಪ್‌ಗೆ ತಳ ತಾಗುವುದು ಕಡಿಮೆಯಾಗುತ್ತದೆ. ಆದರೆ ಸ್ಪ್ರಿಂಗಿನ ಒಂದು ಸುತ್ತು ಕೆಲಸ ನಿಲ್ಲಿಸಿದ್ದರಿಂದ ಉಳಿದ ಸುತ್ತುಗಳ ಮೇಲೆ ಹೊರೆ ಹೆಚ್ಚುತ್ತದೆ, ಹೊಡೆತ ನೇರ ಮೌಂಟಿಂಗ್‌ಗೆ ಹೋಗುತ್ತದೆ. ಸತ್ತ ಶಾಕ್ ಅಬ್ಸಾರ್ಬರ್ ಮರೆಮಾಚಲು ಇದನ್ನು ಹಾಕುವುದು ರೋಗ ಬಿಟ್ಟು ನೋವಿಗೆ ಮದ್ದು. ತೂತು ಕೊರೆದು ಎಣ್ಣೆ ತುಂಬಿ ಬೆಸುಗೆ ಹಾಕಿದ ಹಳೆಯ ಶಾಕ್ ಅಬ್ಸಾರ್ಬರನ್ನು ಅರ್ಧ ಬೆಲೆಗೆ ಕೊಟ್ಟರೂ ಕೊಳ್ಳಬೇಡಿ. ಒಳಗಿನ ವಾಲ್ವ್, ಸೀಲ್ ಹಳೆಯವೇ, ಗ್ಯಾಸ್ ಹೋಗಿಯೇ ಹೋಗಿರುತ್ತದೆ. ಬಿಚ್ಚಿದ ಹಳೆಯ ಗ್ಯಾಸ್ ಶಾಕ್ ಅಬ್ಸಾರ್ಬರನ್ನು ಬೆಂಕಿಗೆ ಹಾಕುವುದಾಗಲಿ ಗ್ರೈಂಡರಿನಿಂದ ಕೊಯ್ಯುವುದಾಗಲಿ ಮಾಡಬಾರದು.

ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ತಪ್ಪಿಸುವಂತಿಲ್ಲ. ಲಿಂಕ್ ರಾಡ್ ಒಂದನ್ನೇ ಬದಲಿಸಿದ್ದರೆ ಬೇಕಿಲ್ಲ. ಲೋಯರ್ ಆರ್ಮ್, ಸ್ಟ್ರಟ್, ಟೈ ರಾಡ್ ಮುಟ್ಟಿದ್ದರೆ ಬೇಕೇ ಬೇಕು. ಐವತ್ತು ನೂರು ಕಿಲೋಮೀಟರ್ ಓಡಿದ ಮೇಲೆ ವೀಲ್ ನಟ್‌ಗಳನ್ನು ಇನ್ನೊಮ್ಮೆ ನೋಡಿ. ಅಲೈನ್‌ಮೆಂಟ್ ಬಿಲ್ ಉಳಿಸಲು ಹೋಗಿ ಎರಡು ಟೈರ್ ಕಳೆದುಕೊಳ್ಳುವವರು ಕಡಿಮೆಯಿಲ್ಲ.

ರಸ್ತೆಯ ಹೊಣೆ ಹೊತ್ತವರಲ್ಲಿಯೂ ಒಂದು ವಿನಂತಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, ನಡುವಿನಲ್ಲಿ 10 ಸೆಂಟಿಮೀಟರ್ ಎತ್ತರ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟಲು ಬರುವಂಥದ್ದು. ನಮ್ಮ ಬಡಾವಣೆ, ಹಳ್ಳಿಗಳಲ್ಲಿ ಒಂದೇ ಮೊಳ ಅಗಲದಲ್ಲಿ ಅದೇ 10 ಸೆಂಟಿಮೀಟರ್ ಎತ್ತರ ಕಟ್ಟಿ, ಬಣ್ಣವೂ ಬಳಿಯದೆ ಬಿಡುತ್ತಾರೆ. ಅದನ್ನು ಎಷ್ಟು ನಿಧಾನ ದಾಟಿದರೂ ಬುಶ್‌ಗೆ ಪೆಟ್ಟೇ. ಲೆಕ್ಕಕ್ಕೆ ಸರಿಯಾದ ಹಂಪ್ ಹಾಕಿದರೆ ಮಕ್ಕಳೂ ಉಳಿಯುತ್ತಾರೆ, ಆಟೊ, ಟಂಟಂ ನಂಬಿದವರ ದುಡಿಮೆಯೂ ಉಳಿಯುತ್ತದೆ.

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಮೋಟಾರ್ ವಾಹನ ಮೆಕ್ಯಾನಿಕ್ ತರಬೇತಿ ಕೊಡುವ ಐಟಿಐಗಳು ತಿಂಗಳಿಗೊಂದು ಭಾನುವಾರ ತಮ್ಮ ಶೆಡ್ ತೆರೆದು, ಪ್ರೆಸ್, ಸ್ಪ್ರಿಂಗ್ ಕಂಪ್ರೆಸರ್, ಟಾರ್ಕ್ ರೆಂಚ್ ಬಳಸುವುದನ್ನು ಸಾರ್ವಜನಿಕರಿಗೆ ತೋರಿಸಿಕೊಡಲಿ. ಒಂದು ಸಣ್ಣ ಶುಲ್ಕ ಇಟ್ಟು ಆ ಸಾಧನಗಳಲ್ಲಿ ಸಾಮಾನು ಒತ್ತಿಸಿಕೊಳ್ಳಲು ಅವಕಾಶ ಕೊಟ್ಟರೆ ವಿದ್ಯಾರ್ಥಿಗಳಿಗೂ ಕೈಕೆಲಸ ಸಿಗುತ್ತದೆ, ಅಂಗಳದಲ್ಲಿ ಸುತ್ತಿಗೆ ಹಿಡಿದು ಬುಶ್ ಬಡಿಯುವುದೂ ನಿಲ್ಲುತ್ತದೆ. ಇದಕ್ಕೆ ಒಪ್ಪುವ ಸಂಸ್ಥೆಗಳು ಮುಂದೆ ಬಂದರೆ ದಿನ, ಜಾಗದ ವಿವರವನ್ನು ತಾವು ಜಿಲ್ಲಾ ಪುಟದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ,
ತಮ್ಮ ಪತ್ರಿಕೆಯ ಓದುಗ,
ಕೌಲ್ ಬಜಾರ್, ಬಳ್ಳಾರಿ